ಮಿರರ್‌ಲೆಸ್ ಕ್ಯಾಮೆರಾ: ಬಾಡಿ ಮತ್ತು ಲೆನ್ಸಿನ ಗಾತ್ರ

ಲೆನ್ಸಿಗೂ ಸೆನ್ಸರಿಗೂ ನಡುವೆ ಪ್ರತಿಫಲನದ ಕನ್ನಡಿಯಿಲ್ಲದ, ಲೆನ್ಸನ್ನು ಬದಲಾಯಿಸಿಕೊಳ್ಳಬಹುದಾದ ಡಿಜಿಟಲ್ ಕ್ಯಾಮೆರಾಕ್ಕೆ ಮಿರರ್‌ಲೆಸ್ ಕ್ಯಾಮೆರಾ ಎಂದು ಹೆಸರು. ಇದರಲ್ಲಿ ದೃಶ್ಯವನ್ನು ಎಲೆಕ್ಟ್ರಾನಿಕ್ ವ್ಯೂಫೈಂಡರಿನಲ್ಲಿ ಇಲ್ಲವೆ ಹಿಂಬದಿಯ ಪರದೆಯ ಮೇಲೆ ನೋಡಲಾಗುತ್ತದೆ. ವೃತ್ತಿಪರರು ಬಳಸುವ ಮಿರರ್‌ಲೆಸ್‌ಗಳಲ್ಲಿ ಬಾಡಿಯ ಮತ್ತು ಲೆನ್ಸಿನ ಗಾತ್ರ, ತೂಕಗಳು ಕೈಹಿಡಿತವನ್ನೂ ಬ್ಯಾಟರಿಯ ಬಾಳಿಕೆಯನ್ನೂ ಬಿಸಿಯಾಗದೆ ಕೆಲಸಮಾಡುವ ಅವಧಿಯನ್ನೂ ಹೊತ್ತೊಯ್ಯುವ ಅನುಕೂಲವನ್ನೂ ನಿರ್ಧರಿಸುತ್ತವೆ. ಕನ್ನಡಿ ಹೋದದ್ದರಿಂದ ತೆಳುವಾದದ್ದು ಮುಖ್ಯವಾಗಿ ಬಾಡಿ. ಲೆನ್ಸಿನ ಗಾತ್ರ ಇಂದಿಗೂ ಫೋಕಲ್ ಲೆಂತ್, ಅಪರ್ಚರ್ ಮತ್ತು ಸೆನ್ಸರಿನ ಅಳತೆಗಳ ಹಿಡಿತದಲ್ಲೇ ಇದೆ. ದೊಡ್ಡ ಲೆನ್ಸುಗಳಿಗೆ ಹೊಂದಿಕೊಳ್ಳಬೇಕಾದ ಕಾರಣ ವೃತ್ತಿಪರ ಬಾಡಿಗಳು ಮೊದಲ ಮಾದರಿಗಳಿಗಿಂತ ಮತ್ತೆ ದಪ್ಪವಾಗುತ್ತ ಬಂದಿವೆ.

ಪರಿಭಾಷೆ ಮತ್ತು ಅಳತೆಯ ಕ್ರಮ

ಲೆನ್ಸ್ ಕಳಚಿದ ಕ್ಯಾಮೆರಾವೇ ಬಾಡಿ. ಬಾಡಿಗೆ ಲೆನ್ಸ್ ಕೂರುವ ಲೋಹದ ಉಂಗುರ ಮೌಂಟ್. ಮೌಂಟಿನ ಮುಂಭಾಗದಿಂದ ಸೆನ್ಸರಿನ ಮೇಲ್ಮೈವರೆಗಿನ ದೂರವನ್ನು ಫ್ಲ್ಯಾಂಜ್ ಅಂತರ ಎನ್ನುತ್ತಾರೆ. 36×24 ಮಿ.ಮೀ. ಅಳತೆಯ ಸೆನ್ಸರಿಗೆ ಫುಲ್ ಫ್ರೇಮ್ ಎಂದೂ, ಸುಮಾರು 23.5×15.6 ಮಿ.ಮೀ. ಸೆನ್ಸರಿಗೆ ಎಪಿಎಸ್-ಸಿ ಎಂದೂ, 17.3×13 ಮಿ.ಮೀ. ಸೆನ್ಸರಿಗೆ ಮೈಕ್ರೋ ಫೋರ್ ಥರ್ಡ್ಸ್ ಎಂದೂ ಹೆಸರು. ಫುಲ್ ಫ್ರೇಮಿಗಿಂತ ದೊಡ್ಡದಾದ 43.8×32.9 ಮಿ.ಮೀ. ಸೆನ್ಸರಿನವು ಮೀಡಿಯಂ ಫಾರ್ಮ್ಯಾಟ್ ಕ್ಯಾಮೆರಾಗಳು.

ತಯಾರಕರು ತೂಕ ಹೇಳುವ ರೀತಿ ಒಂದೇ ತೆರನಾಗಿಲ್ಲ. ಬಾಡಿಯ ತೂಕವನ್ನು ಕೆಲವೆಡೆ ಬ್ಯಾಟರಿ ಮತ್ತು ಕಾರ್ಡ್ ಸೇರಿಸಿ, ಕೆಲವೆಡೆ ಬಿಟ್ಟು ಹೇಳುತ್ತಾರೆ. ಎರಡಕ್ಕೂ ನೂರು ಗ್ರಾಂವರೆಗೆ ವ್ಯತ್ಯಾಸ ಬರುವುದುಂಟು, ದೊಡ್ಡ ಬ್ಯಾಟರಿಯ ಬಾಡಿಗಳಲ್ಲಿ ಅದು ಇನ್ನೂ ಹೆಚ್ಚು. ಲೆನ್ಸಿನ ವಿಷಯದಲ್ಲಿ ಟ್ರೈಪಾಡ್ ಕಾಲರ್ ಸೇರಿದೆಯೇ ಇಲ್ಲವೇ ಎಂಬುದನ್ನು ನೋಡಿಕೊಳ್ಳಬೇಕು. ಈ ಲೇಖನದಲ್ಲಿ ಬಾಡಿಯ ತೂಕ ಬ್ಯಾಟರಿ ಮತ್ತು ಕಾರ್ಡ್ ಸೇರಿದ್ದು. ಬೇರೆಯಾದಾಗ ಅಲ್ಲಲ್ಲೇ ಸೂಚಿಸಿದೆ.

ಹಿನ್ನೆಲೆ

ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಲೆನ್ಸಿನಿಂದ ಬಂದ ಬೆಳಕನ್ನು 45 ಡಿಗ್ರಿ ಓರೆಯಾಗಿ ನಿಂತ ಕನ್ನಡಿಯೊಂದು ಮೇಲಿನ ಪೆಂಟಾಪ್ರಿಸಮ್ಮಿನತ್ತ ತಿರುಗಿಸುತ್ತದೆ. ಚಿತ್ರ ತೆಗೆಯುವ ಕ್ಷಣದಲ್ಲಿ ಕನ್ನಡಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಅದು ಆಡಲು ಜಾಗ ಬೇಕಾದ್ದರಿಂದಲೇ ನಿಕಾನ್ ಎಫ್ ಮೌಂಟಿನಲ್ಲಿ ಫ್ಲ್ಯಾಂಜ್ ಅಂತರ 46.5 ಮಿ.ಮೀ., ಕ್ಯಾನನ್ ಇಎಫ್ ಮೌಂಟಿನಲ್ಲಿ 44 ಮಿ.ಮೀ. ಇತ್ತು. ಬಾಡಿಯ ದಪ್ಪಕ್ಕೂ ನೆತ್ತಿಯ ಮೇಲಿನ ಉಬ್ಬಿಗೂ ಇದೇ ಮೂಲ.

2008ರ ಆಗಸ್ಟ್‌ನಲ್ಲಿ ಒಲಿಂಪಸ್ ಮತ್ತು ಪ್ಯಾನಾಸಾನಿಕ್ ಕಂಪನಿಗಳು ಮೈಕ್ರೋ ಫೋರ್ ಥರ್ಡ್ಸ್ ವ್ಯವಸ್ಥೆಯನ್ನು ಪ್ರಕಟಿಸಿದವು. ಹಿಂದಿನ ಫೋರ್ ಥರ್ಡ್ಸ್ ವ್ಯವಸ್ಥೆಯಲ್ಲಿ 38.67 ಮಿ.ಮೀ. ಇದ್ದ ಫ್ಲ್ಯಾಂಜ್ ಅಂತರ ಇಲ್ಲಿ 19.25 ಮಿ.ಮೀ.ಗೆ ಇಳಿಯಿತು. ಅದೇ ವರ್ಷ ಬಂದ ಪ್ಯಾನಾಸಾನಿಕ್ ಜಿ1 ಈ ವ್ಯವಸ್ಥೆಯ ಮೊದಲ ಕ್ಯಾಮೆರಾ. ಸೋನಿ 2010ರಲ್ಲಿ 18 ಮಿ.ಮೀ. ಅಂತರದ ಇ ಮೌಂಟನ್ನು ಎನ್ಇಎಕ್ಸ್ ಮಾದರಿಗಳೊಡನೆ ತಂದಿತು. 2012ರಲ್ಲಿ ಫ್ಯೂಜಿಫಿಲ್ಮಿನ ಎಕ್ಸ್-ಪ್ರೊ1 ಬಂತು. ಇವೆಲ್ಲ ಮಾರಾಟವಾದದ್ದು ಮುಖ್ಯವಾಗಿ ಚಿಕ್ಕದು, ಹಗುರ ಎಂಬ ಹೆಗ್ಗಳಿಕೆಯ ಮೇಲೆ.

2013ರ ಅಕ್ಟೋಬರಿನಲ್ಲಿ ಪ್ರಕಟವಾದ ಸೋನಿ ಎ7 ಫುಲ್ ಫ್ರೇಮ್ ಸೆನ್ಸರನ್ನು 474 ಗ್ರಾಂ ತೂಕದ ಬಾಡಿಯೊಳಗೆ ಕೂರಿಸಿತು. ವೃತ್ತಿಪರರು ಮಿರರ್‌ಲೆಸ್ ಕಡೆಗೆ ತಿರುಗಿ ನೋಡತೊಡಗಿದ್ದು ಇದರಿಂದ. ಎ7 ಸರಣಿಯ ಮುಂದಿನ ಮಾದರಿಗಳ ತೂಕವನ್ನು ಸಾಲಾಗಿ ಇಟ್ಟು ನೋಡಿದರೆ ಈ ಕ್ಷೇತ್ರದ ನಡೆ ತಿಳಿಯುತ್ತದೆ. 2014ರ ಎ7 ಎರಡನೆಯ ಮಾದರಿ 599 ಗ್ರಾಂ, 2018ರ ಮೂರನೆಯದು 650 ಗ್ರಾಂ, 2021ರ ನಾಲ್ಕನೆಯದು 658 ಗ್ರಾಂ. ಮೊದಲ ಏರಿಕೆಗೆ ಮುಖ್ಯ ಕಾರಣ ಬಾಡಿಯೊಳಗೆ ಸೇರಿದ ಸೆನ್ಸರ್ ಕಂಪನ ನಿಯಂತ್ರಣ, ಎರಡನೆಯದಕ್ಕೆ ದೊಡ್ಡ ಬ್ಯಾಟರಿ. 2018ರಲ್ಲಿ ನಿಕಾನ್ ಝಡ್ ಮೌಂಟನ್ನೂ ಕ್ಯಾನನ್ ಆರ್‌ಎಫ್ ಮೌಂಟನ್ನೂ ಹೊರತಂದವು. ಲೈಕಾ, ಪ್ಯಾನಾಸಾನಿಕ್ ಮತ್ತು ಸಿಗ್ಮಾ ಸೇರಿ ಎಲ್ ಮೌಂಟ್ ಒಕ್ಕೂಟವನ್ನು ಘೋಷಿಸಿದ್ದೂ ಅದೇ ವರ್ಷ. 2020ರ ಜುಲೈನಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ತನ್ನ ಛಾಯಾಗ್ರಾಹಕರಿಗೆಲ್ಲ ಸೋನಿ ಮಿರರ್‌ಲೆಸ್ ಒದಗಿಸುವ ಒಪ್ಪಂದ ಮಾಡಿಕೊಂಡಿತು.

ಮೌಂಟ್ ಮತ್ತು ಫ್ಲ್ಯಾಂಜ್ ಅಂತರ

ನಿಕಾನ್ ಝಡ್ ಮೌಂಟಿನ ಫ್ಲ್ಯಾಂಜ್ ಅಂತರ 16 ಮಿ.ಮೀ., ಒಳವ್ಯಾಸ 55 ಮಿ.ಮೀ. ಕ್ಯಾನನ್ ಆರ್‌ಎಫ್‌ನಲ್ಲಿ ಇವು ಕ್ರಮವಾಗಿ 20 ಮತ್ತು 54, ಎಲ್ ಮೌಂಟಿನಲ್ಲಿ 20 ಮತ್ತು 51.6, ಸೋನಿ ಇ ಮೌಂಟಿನಲ್ಲಿ 18 ಮತ್ತು 46.1 ಮಿ.ಮೀ. ಮೊದಲು ಎಪಿಎಸ್-ಸಿ ಕ್ಯಾಮೆರಾಗಳಲ್ಲಿ ಬಂದ ಸೋನಿಯ ಮೌಂಟ್ ಕಿರಿದು. ಮೌಂಟ್ ಅಗಲವಿದ್ದು ಸೆನ್ಸರಿಗೆ ಹತ್ತಿರವಿದ್ದರೆ ಲೆನ್ಸಿನ ಹಿಂಭಾಗದಲ್ಲಿ ದೊಡ್ಡ ಗಾಜನ್ನು ಕೂರಿಸಿ ಅಂಚಿನ ದೋಷಗಳನ್ನು ತಿದ್ದುವುದು ಸುಲಭ.

ಈ ಲಾಭ ಹೆಚ್ಚಾಗಿ ಸಿಗುವುದು ವೈಡ್ ಆ್ಯಂಗಲ್ ಲೆನ್ಸುಗಳಿಗೆ. 24 ಮಿ.ಮೀ. ಲೆನ್ಸನ್ನು 46 ಮಿ.ಮೀ. ದೂರದಲ್ಲಿ ನಿಲ್ಲಿಸಿ ಚಿತ್ರ ಮೂಡಿಸಬೇಕಾದರೆ ಮುಂದೆ ಬೆಳಕನ್ನು ಹರಡುವ ಗಾಜುಗಳ ಗುಂಪೊಂದು ಬೇಕು. ರೆಟ್ರೋಫೋಕಸ್ ಎಂಬ ಈ ರಚನೆಯೇ ಡಿಎಸ್‌ಎಲ್‌ಆರ್ ವೈಡ್ ಲೆನ್ಸುಗಳನ್ನು ಉಬ್ಬುಮೂತಿಯ, ತೂಕದ ಲೆನ್ಸುಗಳನ್ನಾಗಿ ಮಾಡಿತ್ತು. ಮಿರರ್‌ಲೆಸ್‌ನಲ್ಲಿ ಆ ಒತ್ತಾಯ ಸಡಿಲವಾಯಿತು, ಪೂರ್ತಿ ಹೋಗಲಿಲ್ಲ. ಸೆನ್ಸರಿನ ಮೇಲೆ ಗಾಜಿನ ಹೊದಿಕೆಯೂ ಸೂಕ್ಷ್ಮ ಲೆನ್ಸುಗಳ ಪದರವೂ ಇರುವುದರಿಂದ ತೀರ ಓರೆಯಾಗಿ ಬೀಳುವ ಬೆಳಕು ಮೂಲೆಗಳಲ್ಲಿ ಚಿತ್ರವನ್ನು ಕೆಡಿಸುತ್ತದೆ.

ಟೆಲಿ ಲೆನ್ಸುಗಳಿಗಂತೂ ಕನ್ನಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಅವುಗಳ ಕೊನೆಯ ಗಾಜಿನಿಂದ ಸೆನ್ಸರಿಗೆ ಬೇಕಾದ ದೂರ ಮೊದಲೇ ಹೆಚ್ಚು. ಕ್ಯಾನನ್ನಿನ 400 ಮಿ.ಮೀ. ಎಫ್/2.8 ಲೆನ್ಸಿನ ಇಎಫ್ ಮೂರನೆಯ ಆವೃತ್ತಿ 343 ಮಿ.ಮೀ. ಉದ್ದವಿದ್ದು 2,840 ಗ್ರಾಂ ತೂಗುತ್ತಿತ್ತು. 2021ರ ಆರ್‌ಎಫ್ ಆವೃತ್ತಿ 367 ಮಿ.ಮೀ. ಉದ್ದ, 2,890 ಗ್ರಾಂ ತೂಕ. ಹೆಚ್ಚಿದ 24 ಮಿ.ಮೀ. ಸರಿಯಾಗಿ ಎರಡು ಮೌಂಟ್‌ಗಳ ಫ್ಲ್ಯಾಂಜ್ ಅಂತರಗಳ ವ್ಯತ್ಯಾಸ. ಗಾಜಿನ ರಚನೆ ಹಳೆಯದೇ ಉಳಿದು, ಬಾಡಿಯಲ್ಲಿ ಕಳೆದ ಜಾಗ ಲೆನ್ಸಿನ ಬಾಲದಲ್ಲಿ ಸೇರಿಕೊಂಡಿದೆ. 600 ಮಿ.ಮೀ. ಎಫ್/4 ಲೆನ್ಸಿನಲ್ಲಿಯೂ 448 ಮಿ.ಮೀ. ಇದ್ದ ಉದ್ದ 472ಕ್ಕೆ ಏರಿ ಇದೇ ಲೆಕ್ಕ ಕಾಣುತ್ತದೆ. ಹಳೆಯ ಲೆನ್ಸುಗಳನ್ನು ಅಡಾಪ್ಟರಿನೊಡನೆ ಬಳಸಿದಾಗಲೂ ಹೀಗೆಯೇ: ನಿಕಾನ್ ಎಫ್‌ನಿಂದ ಝಡ್‌ಗೆ 30.5 ಮಿ.ಮೀ., ಕ್ಯಾನನ್ ಇಎಫ್‌ನಿಂದ ಆರ್‌ಎಫ್‌ಗೆ 24 ಮಿ.ಮೀ. ತುಂಬಿಕೊಡಬೇಕು.

ಬಾಡಿಯ ಗಾತ್ರವನ್ನು ನಿರ್ಧರಿಸುವ ಅಂಶಗಳು

ಕನ್ನಡಿ ಮತ್ತು ಪ್ರಿಸಮ್ ಬಿಟ್ಟುಹೋದ ಜಾಗಕ್ಕೆ ಬೇರೆ ಭಾಗಗಳು ಬಂದು ಕುಳಿತವು. ನಿಕಾನ್ ಡಿ850 ಡಿಎಸ್‌ಎಲ್‌ಆರ್ 146×124×78.5 ಮಿ.ಮೀ. ಅಳತೆಯದು, ತೂಕ 1,005 ಗ್ರಾಂ. ಅದೇ ಬಗೆಯ ಕೆಲಸಕ್ಕೆ 2023ರಲ್ಲಿ ಬಂದ ಮಿರರ್‌ಲೆಸ್ ಝಡ್8ರ ಅಳತೆ 144×118.5×83 ಮಿ.ಮೀ., ತೂಕ 910 ಗ್ರಾಂ. ತೂಕದಲ್ಲಿ ಉಳಿದದ್ದು 95 ಗ್ರಾಂ. ಹಿಡಿಕೆ, ವ್ಯೂಫೈಂಡರ್ ಸೇರಿದ ದಪ್ಪವಂತೂ ನಾಲ್ಕೂವರೆ ಮಿ.ಮೀ. ಹೆಚ್ಚೇ ಆಗಿದೆ.

ಹೀಗೆ ಜಾಗ ತಿನ್ನುವುದರಲ್ಲಿ ಮೊದಲನೆಯದು ಸೆನ್ಸರ್ ಕಂಪನ ನಿಯಂತ್ರಣ. ವಿದ್ಯುತ್ಕಾಂತಗಳ ನಡುವೆ ಸೆನ್ಸರನ್ನು ತೇಲಿಬಿಟ್ಟು ಕೈನಡುಕಕ್ಕೆ ಎದುರಾಗಿ ಅದನ್ನು ಸರಿಸುವ ಈ ವ್ಯವಸ್ಥೆಗೆ ಸೆನ್ಸರಿನ ಸುತ್ತಲೂ ಚೌಕಟ್ಟು ಬೇಕು. ಸೆನ್ಸರ್ ದೊಡ್ಡದಾದಷ್ಟೂ ಚೌಕಟ್ಟು, ಕಾಂತಗಳು ದೊಡ್ಡವು.

ಎರಡನೆಯದು ಬ್ಯಾಟರಿ. ಡಿಎಸ್‌ಎಲ್‌ಆರ್‌ನಲ್ಲಿ ಕಣ್ಣಿಟ್ಟು ನೋಡುವಾಗ ಸೆನ್ಸರಿಗೆ ಕೆಲಸವಿರುವುದಿಲ್ಲ. ಮಿರರ್‌ಲೆಸ್‌ನಲ್ಲಿ ಸೆನ್ಸರ್, ಪ್ರೊಸೆಸರ್, ವ್ಯೂಫೈಂಡರ್ ಮೂರೂ ಎಡೆಬಿಡದೆ ವಿದ್ಯುತ್ ಬೇಡುತ್ತವೆ. ಮೊದಲ ಎ7ರ 1,020 ಎಂಎಎಚ್ ಬ್ಯಾಟರಿ ದಿನದ ಕೆಲಸಕ್ಕೆ ಸಾಲುತ್ತಿರಲಿಲ್ಲ. 2017ರ ಎ9ರೊಡನೆ ಸೋನಿ 2,280 ಎಂಎಎಚ್ ಬ್ಯಾಟರಿಗೆ ಬದಲಾಯಿಸಿಕೊಂಡಿತು, ಹಿಡಿಕೆಯೂ ಅದಕ್ಕೆ ತಕ್ಕಂತೆ ಉಬ್ಬಿತು. ಬ್ಯಾಟರಿ ಬಾಡಿಯನ್ನು ಎಷ್ಟರಮಟ್ಟಿಗೆ ಹಿಗ್ಗಿಸುತ್ತದೆ ಎಂಬುದಕ್ಕೆ ನಿಕಾನ್ ಝಡ್9 ಮತ್ತು ಝಡ್8ರ ಜೋಡಿ ಒಳ್ಳೆಯ ನಿದರ್ಶನ. ಎರಡರಲ್ಲೂ ಇರುವುದು 45.7 ಮೆಗಾಪಿಕ್ಸೆಲ್ಲಿನ ಒಂದೇ ಬಗೆಯ ಸೆನ್ಸರ್, ಒಂದೇ ಪ್ರೊಸೆಸರ್. ಎರಡಕ್ಕೂ ಯಾಂತ್ರಿಕ ಶಟರ್ ಇಲ್ಲ. ಝಡ್9 ಮಾತ್ರ 1,340 ಗ್ರಾಂ, ಝಡ್8ಕ್ಕಿಂತ 430 ಗ್ರಾಂ ಹೆಚ್ಚು. ಆ ತೂಕದಲ್ಲಿ ದೊಡ್ಡ ಬ್ಯಾಟರಿ, ಅಡ್ಡ-ನೇರ ಎರಡೂ ಹಿಡಿಕೆಗಳು, ಈಥರ್‌ನೆಟ್ ಕಿಂಡಿ, ಜಿಪಿಎಸ್, ಎರಡು ಸಿಎಫ್ ಎಕ್ಸ್‌ಪ್ರೆಸ್ ಕಾರ್ಡ್ ಕಿಂಡಿಗಳು ಸೇರಿವೆ. ಒಂದು ಚಾರ್ಜಿಗೆ ಝಡ್8ರಲ್ಲಿ ತೆಗೆಯಬಹುದಾದ ಚಿತ್ರಗಳು ತಯಾರಕರ ಅಂಕಿಯಂತೆ ಝಡ್9ರ ಅರ್ಧಕ್ಕೂ ಕಡಿಮೆ.

ಮೂರನೆಯದು ಬಿಸಿ. 8ಕೆ ಅಥವಾ 4ಕೆ ವಿಡಿಯೋ ತೆಗೆಯುವಾಗ ಸೆನ್ಸರಿನಲ್ಲೂ ಪ್ರೊಸೆಸರಿನಲ್ಲೂ ಹುಟ್ಟುವ ಶಾಖ ಹೊರಹೋಗಲು ಫ್ಯಾನ್ ಇಲ್ಲದ ಬಾಡಿಯಲ್ಲಿ ಲೋಹದ ಹೊರಮೈ ಒಂದೇ ದಾರಿ, ಮತ್ತು ಚಿಕ್ಕ ಬಾಡಿಗೆ ಹೊರಮೈಯೂ ಚಿಕ್ಕದು. 2020ರಲ್ಲಿ ಬಂದ 738 ಗ್ರಾಂ ತೂಕದ ಕ್ಯಾನನ್ ಆರ್5ರಲ್ಲಿ 8ಕೆ ಚಿತ್ರೀಕರಣಕ್ಕೆ ಆರಂಭದಲ್ಲಿ ಹೇಳಲಾದ ಮಿತಿ 20 ನಿಮಿಷ. 2022ರಲ್ಲಿ ಅದೇ ಕ್ಯಾಮೆರಾದ ಸಿನಿಮಾ ರೂಪವಾದ ಆರ್5 ಸಿ ಹಿಂಬದಿಯಲ್ಲಿ ಫ್ಯಾನ್ ಹೊತ್ತು ಬಂತು. ಪ್ಯಾನಾಸಾನಿಕ್ 2019ರ ಎಸ್1ಎಚ್‌ನಲ್ಲೇ ಫ್ಯಾನ್ ಅಳವಡಿಸಿತ್ತು, ಅದರ ತೂಕ 1,164 ಗ್ರಾಂ.

ಧೂಳು-ತೇವ ತಡೆಯುವ ರಬ್ಬರ್ ಸೀಲ್‌ಗಳು, ಪೂರ್ಣಗಾತ್ರದ ಎಚ್‌ಡಿಎಂಐ ಕಿಂಡಿ, ಎಲ್ಲ ದಿಕ್ಕಿಗೂ ತಿರುಗುವ ಪರದೆ, ಕನ್ನಡಕ ಹಾಕಿಕೊಂಡೇ ನೋಡಬಹುದಾದ ದೊಡ್ಡ ವ್ಯೂಫೈಂಡರ್ ಇವೂ ಒಂದಿಷ್ಟು ಜಾಗ ಕೇಳುತ್ತವೆ. ಕಣ್ಣು ವ್ಯೂಫೈಂಡರಿನಲ್ಲಿದ್ದಾಗ ಬೆರಳಿಗೆ ತಡಕದೆ ಸಿಗುವಂತೆ ಗುಂಡಿಗಳನ್ನು ಹರಡಿ ಇಡಬೇಕಾದರೂ ಮೇಲ್ಮೈ ವಿಸ್ತಾರವಾಗಿರಬೇಕು.

ಲೆನ್ಸಿನ ಗಾತ್ರವನ್ನು ನಿರ್ಧರಿಸುವ ಅಂಶಗಳು

ಲೆನ್ಸಿನ ಗಾತ್ರದ ಮೂಲಸೂತ್ರ ಸರಳ. ಫೋಕಲ್ ಲೆಂತನ್ನು ಎಫ್ ಸಂಖ್ಯೆಯಿಂದ ಭಾಗಿಸಿದರೆ ಬೆಳಕು ಒಳಹೋಗುವ ಕಿಂಡಿಯ ವ್ಯಾಸ ಸಿಗುತ್ತದೆ. 600 ಮಿ.ಮೀ. ಎಫ್/4 ಲೆನ್ಸಿಗೆ ಅದು 150 ಮಿ.ಮೀ., 400 ಮಿ.ಮೀ. ಎಫ್/2.8ಕ್ಕೆ ಸುಮಾರು 143 ಮಿ.ಮೀ. ಟೆಲಿ ಲೆನ್ಸಿನ ಮುಂದಿನ ಗಾಜು ಇದಕ್ಕಿಂತ ಚಿಕ್ಕದಾಗುವುದು ಸಾಧ್ಯವಿಲ್ಲ. ಯಾವ ಬಾಡಿಗೆ ತೊಡಿಸಿದರೂ, ಯಾವ ಮೌಂಟಿಗೆ ಮಾಡಿದರೂ ಈ ಅಳತೆ ಬದಲಾಗದು. ಗಾಜಿನ ತೂಕವಾದರೋ ವ್ಯಾಸಕ್ಕಿಂತ ವೇಗವಾಗಿ ಏರುತ್ತದೆ.

ವ್ಯಾಸ ಬದಲಾಗದಿದ್ದರೂ ತೂಕ ಇಳಿಸುವ ದಾರಿಗಳಿವೆ. ಕ್ಯಾನನ್ನಿನ 400 ಮಿ.ಮೀ. ಎಫ್/2.8 ಲೆನ್ಸ್ 1999ರಲ್ಲಿ 5,370 ಗ್ರಾಂ ಇತ್ತು, 2011ರಲ್ಲಿ 3,850ಕ್ಕೆ, 2018ರಲ್ಲಿ 2,840ಕ್ಕೆ ಇಳಿಯಿತು. ಫ್ಲೋರೈಟ್‌ನಂಥ ಹಗುರ ಹರಳು, ಮೆಗ್ನೀಸಿಯಂ ಮಿಶ್ರಲೋಹದ ಕೊಳವೆ, ದೊಡ್ಡ ಗಾಜುಗಳನ್ನು ಮುಂದೆ ಕಡಿಮೆ ಮಾಡಿ ಚಿಕ್ಕವನ್ನು ಹಿಂದೆ ತರುವ ಹೊಸ ರಚನೆ ಇದಕ್ಕೆ ಕಾರಣ. ಈ ಇಳಿಕೆ ಆದದ್ದೆಲ್ಲ ಡಿಎಸ್‌ಎಲ್‌ಆರ್ ಮೌಂಟಿನ ಕಾಲದಲ್ಲಿ ಎಂಬುದು ಗಮನಿಸಬೇಕಾದ ಸಂಗತಿ. ಹಗುರ ಲೆನ್ಸಿನ ಯಶಸ್ಸನ್ನು ಮಿರರ್‌ಲೆಸ್ ಖಾತೆಗೆ ಬರೆಯುವ ರೂಢಿ ಇದೆಯಾದರೂ ಅದಕ್ಕೆ ಆಧಾರ ಕಡಿಮೆ.

ಇನ್ನೊಂದು ದಾರಿ ಬೆಳಕನ್ನು ವಿವರ್ತನೆಯಿಂದ ಬಾಗಿಸುವುದು. ಗಾಜಿನ ಮೇಲೆ ಅತಿಸೂಕ್ಷ್ಮ ಉಂಗುರಗಳನ್ನು ಮೂಡಿಸಿ ಬಣ್ಣದೋಷವನ್ನು ಒಂದೇ ಗಾಜಿನಲ್ಲಿ ತಿದ್ದುವ ಈ ತಂತ್ರವನ್ನು ಕ್ಯಾನನ್ 2001ರ 400 ಮಿ.ಮೀ. ಎಫ್/4 ಲೆನ್ಸಿನಲ್ಲಿ ಡಿಒ ಹೆಸರಿನಲ್ಲಿ, ನಿಕಾನ್ 2015ರ 300 ಮಿ.ಮೀ. ಎಫ್/4 ಲೆನ್ಸಿನಲ್ಲಿ ಪಿಎಫ್ ಹೆಸರಿನಲ್ಲಿ ಬಳಸಿದವು. ಝಡ್ ಮೌಂಟಿನ 800 ಮಿ.ಮೀ. ಎಫ್/6.3 ಪಿಎಫ್ ಲೆನ್ಸ್ 2,385 ಗ್ರಾಂ. ಎಫ್ ಮೌಂಟಿನಲ್ಲಿದ್ದ 800 ಮಿ.ಮೀ. ಎಫ್/5.6 ಲೆನ್ಸ್ 4,590 ಗ್ರಾಂ ಇತ್ತು. ಸ್ಟಾಪಿನ (ಬೆಳಕು ಇಮ್ಮಡಿ ಇಲ್ಲವೆ ಅರ್ಧವಾಗುವ ಅಳತೆ) ಮೂರನೇ ಒಂದು ಭಾಗದಷ್ಟು ಬೆಳಕು ಬಿಟ್ಟುಕೊಟ್ಟಿದ್ದಕ್ಕೆ ತೂಕ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿದೆ. ತೀವ್ರ ಬೆಳಕು ಎದುರಿಗಿದ್ದಾಗ ಅದರ ಸುತ್ತ ಬಣ್ಣದ ಉಂಗುರ ಕಾಣಿಸಬಹುದಾದದ್ದು ಈ ತಂತ್ರದ ಕೊರತೆ.

ಸಾಮಾನ್ಯ ಫೋಕಲ್ ಲೆಂತ್‌ಗಳಲ್ಲಿ ತೂಕದ ಲೆಕ್ಕ ತಿರುವುಮುರುವಾಗುತ್ತದೆ. ನಿಕಾನ್ ಎಫ್ ಮೌಂಟಿನ 50 ಮಿ.ಮೀ. ಎಫ್/1.8 ಲೆನ್ಸಿನಲ್ಲಿ 7 ಗಾಜುಗಳಿದ್ದು ತೂಕ 185 ಗ್ರಾಂ. ಝಡ್ ಮೌಂಟಿನ ಎಸ್ ಸರಣಿಯ ಅದೇ ಅಳತೆಯ ಲೆನ್ಸಿನಲ್ಲಿ 12 ಗಾಜುಗಳು, 415 ಗ್ರಾಂ. ಕ್ಯಾನನ್ನಿನ 50 ಮಿ.ಮೀ. ಎಫ್/1.2 ಇಎಫ್‌ನಲ್ಲಿ 580 ಗ್ರಾಂ ಇದ್ದದ್ದು ಆರ್‌ಎಫ್‌ನಲ್ಲಿ 950 ಗ್ರಾಂ ಆಯಿತು. ಕಿಂಡಿಯ ವ್ಯಾಸ ಅಷ್ಟೇ ಇದ್ದೂ ತೂಕ ಏರಿದ್ದಕ್ಕೆ ಕಾರಣ ನಿರೀಕ್ಷೆ ಬದಲಾದದ್ದು. 45ರಿಂದ 61 ಮೆಗಾಪಿಕ್ಸೆಲ್ಲಿನ ಸೆನ್ಸರುಗಳು ಮೂಲೆಯ ಮಸುಕನ್ನೂ ಬಣ್ಣದ ಅಂಚನ್ನೂ ಬಯಲು ಮಾಡುತ್ತವೆ. ಅಪರ್ಚರ್ ಪೂರ್ತಿ ತೆರೆದಾಗಲೇ ಮೂಲೆಯವರೆಗೂ ಸ್ಫುಟವಾಗಿರಬೇಕೆಂದರೆ ಗಾಜುಗಳ ಸಂಖ್ಯೆ ಹೆಚ್ಚಬೇಕು. ವಿಡಿಯೋದಲ್ಲಿ ಫೋಕಸ್ ಬದಲಾದಾಗ ದೃಶ್ಯದ ಕೋನ ಹಿಗ್ಗಿ ಕುಗ್ಗದಂತೆ ನೋಡಿಕೊಳ್ಳಲು ಮತ್ತಷ್ಟು ಗಾಜು, ಮತ್ತಷ್ಟು ಮೋಟರು. ಇದರ ತುತ್ತತುದಿಯಲ್ಲಿರುವುದು ನಿಕಾನ್ 2019ರಲ್ಲಿ ತಂದ 58 ಮಿ.ಮೀ. ಎಫ್/0.95 ನಾಕ್ಟ್. 17 ಗಾಜುಗಳ ಈ ಲೆನ್ಸ್ 2,000 ಗ್ರಾಂ ತೂಗುತ್ತದೆ, ಫೋಕಸನ್ನು ಕೈಯಿಂದಲೇ ತಿರುಗಿಸಬೇಕು.

ಅಗಲವಾದ ಮೌಂಟ್ ಲೆನ್ಸನ್ನು ತಾನಾಗಿಯೇ ಚಿಕ್ಕದಾಗಿಸುತ್ತದೆ ಎಂಬ ಮಾತನ್ನು ಅಂಕಿಗಳು ಒಪ್ಪುವುದಿಲ್ಲ. ಸೋನಿ, ಕ್ಯಾನನ್, ನಿಕಾನ್ ಮಿರರ್‌ಲೆಸ್‌ಗೆಂದು ಮಾಡಿದ 50 ಮಿ.ಮೀ. ಎಫ್/1.2 ಲೆನ್ಸುಗಳಲ್ಲಿ ಹಗುರವಾದದ್ದು ಎಲ್ಲಕ್ಕಿಂತ ಕಿರಿದಾದ ಮೌಂಟಿನ ಸೋನಿಯದು, 778 ಗ್ರಾಂ. ಅತಿ ಅಗಲ ಮೌಂಟಿನ ನಿಕಾನ್‌ದು 1,090 ಗ್ರಾಂ. ವಿನ್ಯಾಸಕಾರರು ಯಾವ ದೋಷವನ್ನು ಎಷ್ಟು ತಿದ್ದಲು ಹೊರಟರು ಎಂಬುದು ಮೌಂಟಿನ ವ್ಯಾಸಕ್ಕಿಂತ ಹೆಚ್ಚಿನ ಪರಿಣಾಮ ಬೀರಿದೆ.

ಜೂಮ್ ಲೆನ್ಸುಗಳಲ್ಲಿ ಎರಡನೆಯ ತಲೆಮಾರು ಗಮನಾರ್ಹವಾಗಿ ಹಗುರವಾಗಿದೆ. ಸೋನಿಯ 70–200 ಮಿ.ಮೀ. ಎಫ್/2.8 ಲೆನ್ಸ್ ಮೊದಲ ಆವೃತ್ತಿಯಲ್ಲಿ ಕಾಲರ್ ಬಿಟ್ಟು 1,480 ಗ್ರಾಂ ಇದ್ದದ್ದು 2021ರ ಎರಡನೆಯ ಆವೃತ್ತಿಯಲ್ಲಿ 1,045 ಗ್ರಾಂ ಆಯಿತು. 24–70 ಮಿ.ಮೀ. ಎಫ್/2.8 ಲೆನ್ಸ್ 886ರಿಂದ 695 ಗ್ರಾಂಗೆ ಇಳಿಯಿತು. ಕ್ಯಾನನ್ ತನ್ನ ಆರ್‌ಎಫ್ 70–200 ಎಫ್/2.8ಕ್ಕೆ ಬೇರೆ ಉಪಾಯ ಹೂಡಿತು. ಜೂಮ್ ಮಾಡಿದಾಗ ಕೊಳವೆ ಹೊರಚಾಚುವಂತೆ ಮಾಡಿದ್ದರಿಂದ ಮಡಚಿದ ಉದ್ದ 146 ಮಿ.ಮೀ.ಗೆ, ತೂಕ 1,070 ಗ್ರಾಂಗೆ ಇಳಿಯಿತು. ಉದ್ದ ಬದಲಾಗದ ಇಎಫ್ ಲೆನ್ಸ್ 199 ಮಿ.ಮೀ. ಇತ್ತು, ತೂಕ 1,400 ಗ್ರಾಂ ದಾಟುತ್ತಿತ್ತು. ಚಾಚುವ ಕೊಳವೆಯ ಈ ಲೆನ್ಸ್ ಬ್ಯಾಗಿನಲ್ಲಿ ನಿಲ್ಲಿಸಿ ಇಡುವಷ್ಟು ಗಿಡ್ಡವಾದರೂ ಅದಕ್ಕೆ ಫೋಕಲ್ ಲೆಂತ್ ಹಿಗ್ಗಿಸುವ ಟೆಲಿಕನ್ವರ್ಟರ್ ತೊಡಿಸಲು ಬರುವುದಿಲ್ಲ.

ಫೋಕಲ್ ಲೆಂತಿನ ವ್ಯಾಪ್ತಿಯನ್ನು ಸ್ವಲ್ಪ ಮೊಟಕು ಮಾಡುವುದೂ ಒಂದು ದಾರಿ. 24ರ ಬದಲು 28 ಮಿ.ಮೀ.ಯಿಂದ ಶುರುವಾಗುವ ಟ್ಯಾಮ್ರಾನಿನ 28–75 ಎಫ್/2.8 ಲೆನ್ಸ್ 2018ರಲ್ಲಿ 550 ಗ್ರಾಂ ತೂಕದಲ್ಲಿ, 67 ಮಿ.ಮೀ. ಫಿಲ್ಟರ್ ಅಳತೆಯಲ್ಲಿ ಬಂತು. ಅಂಚಿನ ಬಾಗುವಿಕೆಯನ್ನು ಗಾಜಿನಲ್ಲಿ ತಿದ್ದದೆ ಸಾಫ್ಟ್‌ವೇರಿಗೆ ಬಿಡುವುದು ಮತ್ತೊಂದು. ಎಲೆಕ್ಟ್ರಾನಿಕ್ ವ್ಯೂಫೈಂಡರಿನಲ್ಲಿ ತಿದ್ದಿದ ಚಿತ್ರವನ್ನೇ ತೋರಿಸಬಹುದಾದ್ದರಿಂದ ಈ ದಾರಿ ಮಿರರ್‌ಲೆಸ್‌ಗೆ ತೆರೆದುಕೊಂಡಿತು. ಲೆನ್ಸ್ ಚಿಕ್ಕದಾಗುವುದರಲ್ಲಿ ಕನ್ನಡಿ ಇಲ್ಲದಿರುವುದರ ನಿಜವಾದ ಕೊಡುಗೆ ಬಹುಶಃ ಇಲ್ಲಿಯೇ ಹೆಚ್ಚು.

ಸೆನ್ಸರಿನ ಅಳತೆ ಮತ್ತು ಸಮಾನತೆ

ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರಿನ ವಿಸ್ತೀರ್ಣ ಫುಲ್ ಫ್ರೇಮಿನ ಸುಮಾರು ಕಾಲುಭಾಗ, ಕರ್ಣ ಅರ್ಧ. ಹಾಗಾಗಿ 300 ಮಿ.ಮೀ. ಲೆನ್ಸ್ ಅದರಲ್ಲಿ ಫುಲ್ ಫ್ರೇಮಿನ 600 ಮಿ.ಮೀ. ಲೆನ್ಸಿನಷ್ಟೇ ದೃಶ್ಯವನ್ನು ಹಿಡಿಯುತ್ತದೆ. ಮೈಕ್ರೋ ಫೋರ್ ಥರ್ಡ್ಸ್ ವ್ಯವಸ್ಥೆಯ 599 ಗ್ರಾಂನ ಒಎಂ-1 ಬಾಡಿಗೆ ಕಾಲರ್ ಸೇರಿ 1,475 ಗ್ರಾಂನ 300 ಮಿ.ಮೀ. ಎಫ್/4 ಲೆನ್ಸ್ ತೊಡಿಸಿದರೆ ಒಟ್ಟು ತೂಕ ಸುಮಾರು 2,070 ಗ್ರಾಂ. ಸೋನಿ ಎ1 ಮತ್ತು 600 ಮಿ.ಮೀ. ಎಫ್/4 ಜೋಡಿಯದು ಸುಮಾರು 3,780 ಗ್ರಾಂ.

ಈ ಹೋಲಿಕೆ ಅರ್ಧ ಮಾತ್ರ ಸರಿ. 300 ಮಿ.ಮೀ. ಎಫ್/4ರ ಕಿಂಡಿ 75 ಮಿ.ಮೀ., ಅಂದರೆ ಒಳಬರುವ ಒಟ್ಟು ಬೆಳಕು ನಾಲ್ಕನೇ ಒಂದು. ಫೀಲ್ಡ್ ಆಳ ಮತ್ತು ಒಟ್ಟು ಬೆಳಕಿನ ಲೆಕ್ಕದಲ್ಲಿ ಅದು ಫುಲ್ ಫ್ರೇಮಿನ 600 ಮಿ.ಮೀ. ಎಫ್/8ಕ್ಕೆ ಸಮ, ಎಕ್ಸ್‌ಪೋಷರಿನ ಲೆಕ್ಕದಲ್ಲಿ ಮಾತ್ರ ಎಫ್/4. ಹಿನ್ನೆಲೆ ಕಡಿಮೆ ಮಸುಕಾಗುತ್ತದೆ, ಮಂದ ಬೆಳಕಿನಲ್ಲಿ ನಾಯ್ಸ್ ಸುಮಾರು ಎರಡು ಸ್ಟಾಪಿನಷ್ಟು ಮುಂಚೆ ಕಾಣಿಸಿಕೊಳ್ಳುತ್ತದೆ. ಫುಲ್ ಫ್ರೇಮಿನಲ್ಲೂ ಬೆಳಕು ಬಿಟ್ಟುಕೊಡಲು ಒಪ್ಪಿದರೆ ತೂಕ ಇಳಿಯುತ್ತದೆ. ಝಡ್8ಕ್ಕೆ 600 ಮಿ.ಮೀ. ಎಫ್/6.3 ಪಿಎಫ್ ಲೆನ್ಸ್ ಸೇರಿಸಿದರೆ 2,380 ಗ್ರಾಂ. ಒಎಂ-1 ಜೋಡಿಗಿಂತ 300 ಗ್ರಾಂ ಚಿಲ್ಲರೆ ಮಾತ್ರ ಹೆಚ್ಚು, ಕಿಂಡಿಯ ವ್ಯಾಸವಾದರೋ 95 ಮಿ.ಮೀ. ಸಣ್ಣ ಸೆನ್ಸರಿನ ವ್ಯವಸ್ಥೆಗೆ ಹಗುರತನದಲ್ಲಿದ್ದ ಮುನ್ನಡೆ ಇಂಥ ಲೆನ್ಸುಗಳಿಂದ ಕಿರಿದಾಗಿದೆ.

ಮೀಡಿಯಂ ಫಾರ್ಮ್ಯಾಟ್‌ನಲ್ಲಿ ಕನ್ನಡಿ ತೆಗೆದದ್ದರ ಫಲ ಎಲ್ಲಕ್ಕಿಂತ ಎದ್ದು ಕಾಣುತ್ತದೆ, ಏಕೆಂದರೆ ಅಲ್ಲಿನ ಕನ್ನಡಿಯೇ ದೊಡ್ಡದು. 2016ರಲ್ಲಿ ಪ್ರಕಟವಾದ ಹ್ಯಾಸೆಲ್‌ಬ್ಲಾಡ್ ಎಕ್ಸ್1ಡಿ ಬ್ಯಾಟರಿ ಸೇರಿ 725 ಗ್ರಾಂ. ಶಟರ್ ಬಾಡಿಯಲ್ಲಿರದೆ ಲೆನ್ಸಿನಲ್ಲಿರುವುದೂ ಇದಕ್ಕೆ ನೆರವಾಯಿತು. ಫ್ಯೂಜಿಫಿಲ್ಮಿನ ಜಿಎಫ್ಎಕ್ಸ್100 2019ರಲ್ಲಿ ಎರಡು ಬ್ಯಾಟರಿಗಳೊಡನೆ ಸುಮಾರು 1,400 ಗ್ರಾಂ ಇತ್ತು. 2021ರ ಜಿಎಫ್ಎಕ್ಸ್100ಎಸ್ 100 ಮೆಗಾಪಿಕ್ಸೆಲ್ ಉಳಿಸಿಕೊಂಡೇ 900 ಗ್ರಾಂಗೆ ಇಳಿಯಿತು.

ಹಿಡಿತ ಮತ್ತು ಸಮತೋಲ

ಕ್ಯಾಮೆರಾ ಭಾರವೆನಿಸುವುದು ಒಟ್ಟು ತೂಕದಿಂದಷ್ಟೇ ಅಲ್ಲ, ತೂಕ ಎಲ್ಲಿ ಕೇಂದ್ರೀಕರಿಸಿದೆ ಎಂಬುದರಿಂದಲೂ. ಹಗುರ ಬಾಡಿಗೆ ಒಂದೂವರೆ ಕಿಲೋ ಲೆನ್ಸ್ ತೊಡಿಸಿದಾಗ ಗುರುತ್ವಕೇಂದ್ರ ಮುಂದಕ್ಕೆ ಸರಿಯುತ್ತದೆ. ಬಲಗೈ ಮಣಿಕಟ್ಟು ಮೇಲೆತ್ತಿ ಹಿಡಿಯಬೇಕಾಗಿ ಬೇಗ ದಣಿಯುತ್ತದೆ. ಎಡಗೈಯನ್ನು ಲೆನ್ಸಿನ ಕೆಳಗೆ ಮುಂದಕ್ಕೆ ಚಾಚಿ ಹಿಡಿಯುವುದು ಇದಕ್ಕೆ ಪರಿಹಾರ. ಮುಂಭಾಗದ ಗಾಜು ಕಡಿಮೆಮಾಡಿದ ಹೊಸ ಟೆಲಿಗಳನ್ನು ತೂಗಾಡಿಸುವುದು ಅದೇ ತೂಕದ ಹಳೆಯವಕ್ಕಿಂತ ಸುಲಭ.

ಹಿಡಿಕೆಯ ಎತ್ತರ ಕಡಿಮೆಯಾದರೆ ಕಿರುಬೆರಳು ಬಾಡಿಯ ಕೆಳಗೆ ಜಾರುತ್ತದೆ. ಚಿಕ್ಕ ಬಾಡಿಗಳಿಗೆ ಅಡಿಪಟ್ಟಿಯಂಥ ಹೆಚ್ಚುವರಿ ಹಿಡಿಕೆ ಮಾರಾಟಕ್ಕಿರುವುದು ಇದಕ್ಕಾಗಿಯೇ. ಹಿಡಿಕೆಗೂ ಲೆನ್ಸಿಗೂ ನಡುವಿನ ಸಂದು ಇನ್ನೊಂದು ಸೂಕ್ಷ್ಮ. ಅಗಲ ಮೌಂಟ್ ಮತ್ತು ದಪ್ಪ ಲೆನ್ಸಿದ್ದು ಬಾಡಿ ಕಿರಿದಾಗಿದ್ದರೆ ಬೆರಳಿನ ಗೆಣ್ಣುಗಳು ಲೆನ್ಸಿಗೆ ಉಜ್ಜುತ್ತವೆ. ಕೈಗವಸು ತೊಟ್ಟವರಿಗೆ ಈ ತೊಡಕು ಇನ್ನೂ ಹೆಚ್ಚು.

ವಿಧಗಳು

ವೃತ್ತಿಪರ ಫುಲ್ ಫ್ರೇಮ್ ಬಾಡಿಗಳನ್ನು ಗಾತ್ರದ ಮೇಲೆ ಮೂರಾಗಿ ನೋಡಬಹುದು. ನೇರ ಹಿಡಿಕೆ ಬಾಡಿಯಲ್ಲೇ ಸೇರಿರುವ ದೊಡ್ಡವು ಮೊದಲನೆಯವು. ನಿಕಾನ್ ಝಡ್9 ಅಲ್ಲದೆ ಕ್ಯಾನನ್ನಿನ 1,015 ಗ್ರಾಂ ಆರ್3 ಮತ್ತು 2024ರಲ್ಲಿ ಬಂದ 1,115 ಗ್ರಾಂ ಆರ್1 ಈ ಗುಂಪಿಗೆ ಸೇರುತ್ತವೆ. ಇವು ತಮ್ಮ ಹಿಂದಿನ ಡಿಎಸ್‌ಎಲ್‌ಆರ್‌ಗಳಾದ 1,450 ಗ್ರಾಂ ಡಿ6 ಮತ್ತು 1,440 ಗ್ರಾಂ 1ಡಿ ಎಕ್ಸ್ ಮಾರ್ಕ್ 3ಕ್ಕಿಂತ ಹಗುರ. ಬೇಕೆಂದಾಗ ನೇರ ಹಿಡಿಕೆ ಜೋಡಿಸಿಕೊಳ್ಳುವ ಮಧ್ಯಮ ಗಾತ್ರದವು 650ರಿಂದ 900 ಗ್ರಾಂ ಆಸುಪಾಸಿನಲ್ಲಿರುತ್ತವೆ. ಸೋನಿ ಎ1, ಕ್ಯಾನನ್ ಆರ್5, ನಿಕಾನ್ ಝಡ್8 ಇಂಥವು. ಸೋನಿ ತನ್ನ ಅತ್ಯುನ್ನತ ಮಾದರಿಯನ್ನೂ ಈ ಗಾತ್ರದಲ್ಲೇ ಇಟ್ಟಿರುವುದು ಅದರ ವೈಶಿಷ್ಟ್ಯ. 509 ಗ್ರಾಂನ ಸೋನಿ ಎ7ಸಿ, 422 ಗ್ರಾಂನ ಸಿಗ್ಮಾ ಎಫ್‌ಪಿಯಂಥ ಕಿರುಬಾಡಿಗಳನ್ನು ವೃತ್ತಿಪರರು ಎರಡನೆಯ ಕ್ಯಾಮೆರಾ ಆಗಿ ಬಳಸುವುದು ಹೆಚ್ಚು.

ಬಳಕೆ

ಕ್ರೀಡಾಂಗಣದ ಅಂಚಿನಲ್ಲಿ ಮೊನೊಪಾಡಿನ ಮೇಲೆ 400 ಮಿ.ಮೀ. ಎಫ್/2.8 ನಿಲ್ಲಿಸುವವರಿಗೆ ಬಾಡಿಯ ತೂಕ ದೊಡ್ಡ ಮಾತಲ್ಲ. ದೊಡ್ಡ ಬ್ಯಾಟರಿ, ಈಥರ್‌ನೆಟ್, ನೇರ ಹಿಡಿಕೆ ಅವರಿಗೆ ಮುಖ್ಯ. ಮದುವೆಯ ಛಾಯಾಗ್ರಾಹಕರ ಲೆಕ್ಕ ಬೇರೆ. ಮುಹೂರ್ತದಿಂದ ಆರತಕ್ಷತೆಯವರೆಗೆ ಎರಡು ಬಾಡಿಗಳನ್ನು ಹೆಗಲ ಪಟ್ಟಿಯಲ್ಲಿ ಇಳಿಬಿಟ್ಟುಕೊಂಡು ನಿಲ್ಲುವವರಿಗೆ 24–70 ಮತ್ತು 70–200 ಲೆನ್ಸುಗಳಲ್ಲಿ ಉಳಿದ 600 ಗ್ರಾಂ ಸಂಜೆಯ ಹೊತ್ತಿಗೆ ಗೊತ್ತಾಗುತ್ತದೆ. ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಗಿಂಬಲ್ ಮೇಲೆ ವಿಡಿಯೋ ತೆಗೆಯುವಾಗ ಗಿಂಬಲ್ ಹೊರುವ ಮಿತಿಯೇ ಜೋಡಿಯನ್ನು ನಿರ್ಧರಿಸುತ್ತದೆ. ಡಿಜೆಐ ಆರ್‌ಎಸ್ 3 ಮಿನಿಗೆ ಅದು 2 ಕಿಲೋ, ಆರ್‌ಎಸ್ 3ಕ್ಕೆ 3 ಕಿಲೋ. ಲೆನ್ಸ್ ಬದಲಿಸಿದಾಗಲೆಲ್ಲ ಗಿಂಬಲನ್ನು ಮತ್ತೆ ತೂಗಿಸಬೇಕಾಗುವುದನ್ನು ತಪ್ಪಿಸಲು ಪ್ಯಾನಾಸಾನಿಕ್ ತನ್ನ ಎಫ್/1.8 ಲೆನ್ಸುಗಳನ್ನು ಹೆಚ್ಚುಕಡಿಮೆ ಒಂದೇ ಗಾತ್ರ, ಒಂದೇ 67 ಮಿ.ಮೀ. ಫಿಲ್ಟರ್ ಅಳತೆಯಲ್ಲಿ ಮಾಡಿದೆ.

ವನ್ಯಜೀವಿ ಛಾಯಾಗ್ರಹಣದಲ್ಲಿ ಗಾತ್ರದ ಪ್ರಶ್ನೆ ತೀವ್ರವಾಗುತ್ತದೆ. ನಾಗರಹೊಳೆ, ಬಂಡೀಪುರಗಳ ಸಫಾರಿ ಜೀಪಿನಲ್ಲಿ ಟ್ರೈಪಾಡ್ ಬಿಡಿಸಲು ಜಾಗವಿರುವುದಿಲ್ಲ. ಲೆನ್ಸನ್ನು ಜೀಪಿನ ಕಂಬಿಯ ಮೇಲೆ ಬೀನ್‌ಬ್ಯಾಗ್ ಇಟ್ಟು ಊರಬೇಕು, ಪ್ರಾಣಿ ಎದುರು ಬದಿಯಲ್ಲಿ ಕಂಡರೆ ಎತ್ತಿ ಹಿಡಿಯಬೇಕು. ಮೂರು ಕಿಲೋ ಲೆನ್ಸಿಗೂ ಒಂದೂವರೆ ಕಿಲೋ ಲೆನ್ಸಿಗೂ ಫರಕು ತಿಳಿಯುವುದು ಆಗ. ಆದರೆ ಮುಂಜಾವು, ಮುಸ್ಸಂಜೆಯ ಮಂದ ಬೆಳಕಿನಲ್ಲಿ ಎಫ್/4 ಮತ್ತು ಎಫ್/6.3ರ ನಡುವಿನ ಸುಮಾರು ಒಂದು ಮತ್ತು ಮೂರನೇ ಒಂದು ಸ್ಟಾಪಿಗೂ ಬೆಲೆಯಿದೆ. ಕರ್ನಾಟಕದ ಕೆಲವು ಸಂರಕ್ಷಿತ ಪ್ರದೇಶಗಳಲ್ಲಿ ಕ್ಯಾಮೆರಾ ಶುಲ್ಕವನ್ನೇ ಲೆನ್ಸಿನ ಫೋಕಲ್ ಲೆಂತ್ ನೋಡಿ ವಿಧಿಸುತ್ತಾರೆ.

ವಿಮಾನ ಪ್ರಯಾಣ ಮತ್ತೊಂದು ಮಿತಿ. ಭಾರತದೊಳಗಿನ ವಿಮಾನಗಳ ಎಕಾನಮಿ ದರ್ಜೆಯಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿ 7 ಕಿಲೋ ಅವಕಾಶ. ಬಿಡಿ ಲಿಥಿಯಂ ಬ್ಯಾಟರಿಗಳನ್ನು ಕೈಚೀಲದಲ್ಲೇ ಒಯ್ಯಬೇಕು. ಎರಡು ಬಾಡಿ, ಒಂದು 600 ಮಿ.ಮೀ. ಎಫ್/4, ಒಂದು ಜೂಮ್, ಬ್ಯಾಗಿನ ಸ್ವಂತ ತೂಕ ಸೇರಿದರೆ ಈ ಮಿತಿ ದಾಟುತ್ತದೆ.

ಇಂದಿನ ಸ್ಥಿತಿ

ನಿಕಾನಿನ ಡಿ6 ಮತ್ತು ಕ್ಯಾನನ್ನಿನ 1ಡಿ ಎಕ್ಸ್ ಮಾರ್ಕ್ 3ರ ನಂತರ ಈ ಎರಡು ಕಂಪನಿಗಳು ಆ ದರ್ಜೆಯ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಬಾಡಿಯ ಗಾತ್ರ ಕಳೆದ ಕೆಲವು ವರ್ಷಗಳಲ್ಲಿ ಸ್ಥಿರಗೊಂಡಿದೆ. 2021ರ ಎ1 737 ಗ್ರಾಂ ಇದ್ದರೆ 2024ರ ಅದರ ಎರಡನೆಯ ಮಾದರಿ 743 ಗ್ರಾಂ. ಬದಲಾವಣೆ ನಡೆಯುತ್ತಿರುವುದು ಲೆನ್ಸುಗಳಲ್ಲಿ, ಅದೂ ಎರಡು ದಿಕ್ಕಿನಲ್ಲಿ. ಒಂದು ಕಡೆ ಸೋನಿಯ 300 ಮಿ.ಮೀ. ಎಫ್/2.8 ಲೆನ್ಸ್ 1,470 ಗ್ರಾಂಗೆ ಇಳಿದಿದೆ, ಕ್ಯಾನನ್ನಿನ ಹಳೆಯ ಇಎಫ್ ಎರಡನೆಯ ಆವೃತ್ತಿ 2,300 ಗ್ರಾಂ ಮೀರಿತ್ತು. ನಿಕಾನಿನ 24–70 ಎಫ್/2.8 ಎರಡನೆಯ ಆವೃತ್ತಿ 2025ರಲ್ಲಿ 805ರಿಂದ 675 ಗ್ರಾಂಗೆ ಬಂದಿದೆ. ಇನ್ನೊಂದು ಕಡೆ ಡಿಎಸ್‌ಎಲ್‌ಆರ್ ಕಾಲದಲ್ಲಿ ಇಲ್ಲದಿದ್ದ ಅಳತೆಗಳು ಬರುತ್ತಿವೆ. ಕ್ಯಾನನ್ 2018ರಲ್ಲಿ ತಂದ 28–70 ಮಿ.ಮೀ. ಎಫ್/2 ಲೆನ್ಸ್ 1,430 ಗ್ರಾಂ ಇತ್ತು, ಸೋನಿ 2024ರಲ್ಲಿ ಅದೇ ಅಳತೆಯದನ್ನು 918 ಗ್ರಾಂನಲ್ಲಿ ಕೊಟ್ಟಿತು. ಸಿಗ್ಮಾದ 300–600 ಮಿ.ಮೀ. ಎಫ್/4 ಜೂಮ್ 2025ರಲ್ಲಿ ಸುಮಾರು ನಾಲ್ಕು ಕಿಲೋ ತೂಕದೊಡನೆ ಬಂದಿದೆ.

ಸ್ಥಿರಚಿತ್ರ ಮತ್ತು ವಿಡಿಯೋ ಎರಡಕ್ಕೂ ಉದ್ದೇಶಿಸಿ ಕ್ಯಾನನ್ 2024ರಿಂದ ತರುತ್ತಿರುವ ಎಫ್/1.4 ಸರಣಿಯಲ್ಲಿ 24, 35 ಮತ್ತು 50 ಮಿ.ಮೀ. ಲೆನ್ಸುಗಳ ಉದ್ದ ಮೂರಕ್ಕೂ 99.3 ಮಿ.ಮೀ., ವ್ಯಾಸ 76.5 ಮಿ.ಮೀ. ತೂಕ 515ರಿಂದ 580 ಗ್ರಾಂ ಒಳಗೆ.